ಕಣ್ಣೀರು ಬರೆದಿದ್ದೀರಿ, ನಗೆ ಎಲ್ಲಿ?

ಗದಗಿನ ಲೇಖಕಿಯವರಿಗೆ,

ಧಾರವಾಡದಿಂದ ನಮಸ್ಕಾರಗಳು.

ಶೆರಿಯನ್ ದಾಬಿಸ್ ನಿರ್ದೇಶಿಸಿದ ‘ಅಮ್ರೀಕಾ’ ಚಿತ್ರವನ್ನು ಕುರಿತು ನೀವು ನಮ್ಮ ಪತ್ರಿಕೆಗೆ ಕಳಿಸಿದ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ಸ್ಥಳಾಭಾವದಿಂದ ಹಿಂದಿರುಗಿಸಲಾಗಿದೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವಂಥ ಬರಹವೂ ಅದಲ್ಲ. ನಿಮಗೆ ಈ ಚಿತ್ರದ ಮೇಲೆ ನಿಜವಾದ ಪ್ರೀತಿ ಇದೆ, ಅದು ಓದುವವರಿಗೆ ಗೊತ್ತಾಗುತ್ತದೆ. ಅದಕ್ಕಾಗಿಯೇ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಲೇಖನದ ಮುಕ್ಕಾಲು ಪಾಲು ಕಥೆ ಹೇಳುವುದರಲ್ಲಿಯೇ ಮುಗಿದುಹೋಗಿದೆ. ಗಂಡನಿಂದ ಬೇರೆಯಾಗಿ ಪ್ಯಾಲೆಸ್ಟೈನಿನ ಬೆತ್ಲೆಹೆಮ್‌ನಲ್ಲಿ ತಾಯಿ ಮತ್ತು ಮಗನೊಂದಿಗೆ ಬದುಕುತ್ತಿರುವ ಬ್ಯಾಂಕ್ ಉದ್ಯೋಗಿ ಮುನಾ, ಆಕೆಗೆ ಲಾಟರಿಯಲ್ಲಿ ಒಲಿದ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸದ ಪರವಾನಗಿ), ಹದಿಹರೆಯದ ಮಗ ಫಾದಿಯನ್ನು ಕರೆದುಕೊಂಡು ಅಮೆರಿಕದ ಇಲಿನಾಯ್ ರಾಜ್ಯದಲ್ಲಿರುವ ಸಹೋದರಿ ರಗದಾಳ ಮನೆಗೆ ಬರುವುದು, ಕೆಲಸ ಸಿಗದೆ ಕೊನೆಗೆ ವೈಟ್ ಕ್ಯಾಸಲ್ ಎಂಬ ಬರ್ಗರ್ ಅಂಗಡಿಗೆ ಸೇರುವುದು, ಇವೆಲ್ಲ ಓದುಗರಿಗೆ ಗೊತ್ತಿರಬೇಕಾದದ್ದು ನಿಜ. ಅದಕ್ಕೆ ಒಂದು ಪ್ಯಾರಾ ಸಾಕು. ಉಳಿದ ಜಾಗವನ್ನು ನೀವು ‘ತ್ಯಾಗಮಯಿ’, ‘ಕರುಣೆಯ ಕಡಲು’, ‘ಮಾತೃತ್ವದ ಮಹಾಕಾವ್ಯ’ ಮುಂತಾದ ಮಾತುಗಳಿಂದ ತುಂಬಿದ್ದೀರಿ. ಈ ಮಾತುಗಳನ್ನು ಯಾವ ತಾಯಿಯ ಬಗ್ಗೆಯೂ ಬರೆಯಬಹುದು, ಚಿತ್ರವನ್ನು ನೋಡದೆಯೂ ಬರೆಯಬಹುದು. ಇಷ್ಟು ಪುಟಗಳಲ್ಲಿ ಈ ಚಿತ್ರ ನೋಡುವವರನ್ನು ನಗಿಸುತ್ತದೆ ಎಂಬ ಸಂಗತಿ ಒಮ್ಮೆಯೂ ಬಂದಿಲ್ಲ. ನನ್ನ ಮುಖ್ಯ ಆಕ್ಷೇಪ ಇದೇ, ಉಳಿದವೆಲ್ಲ ಇದರಿಂದ ಹುಟ್ಟಿದವು.

ಬಿಸ್ಕತ್ತಿನ ಡಬ್ಬಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಮುನಾ ತನ್ನ ಜೀವಮಾನದ ಉಳಿತಾಯವನ್ನು ಅದರಲ್ಲಿ ಬಚ್ಚಿಟ್ಟು ತಂದಿರುತ್ತಾಳೆ. ವಿಮಾನ ನಿಲ್ದಾಣದಲ್ಲಿ ಹೊರಗಿನ ತಿನಿಸು ಒಳಗೆ ಬರುವಂತಿಲ್ಲವೆಂದು ಡಬ್ಬಿಯೇ ಹೋಗುತ್ತದೆ. ನೀವು ಇದನ್ನು ‘ವಿಧಿಯ ಕ್ರೂರ ಅಟ್ಟಹಾಸ’ ಎಂದು ಬರೆದು ಮುಂದೆ ಸಾಗಿದ್ದೀರಿ. ಆ ಪ್ರಸಂಗದಲ್ಲಿ ವಿಧಿಯ ಮಾತೇ ಇಲ್ಲ. ಕಳ್ಳರ ಕಣ್ಣಿಗೆ ಬೀಳದಿರಲೆಂದು ಒಬ್ಬ ಜಾಣ ಗೃಹಿಣಿ ಹೂಡಿದ ಉಪಾಯವೇ ಆಕೆಯನ್ನು ಬರಿಗೈ ಮಾಡುತ್ತದೆ. ನಮ್ಮ ಕಡೆ ಅಕ್ಕಿಯ ಡಬ್ಬಿಯಲ್ಲಿ ನೋಟು ಮುಚ್ಚಿಡುವ ಹೆಣ್ಣುಮಕ್ಕಳಿಗೆ ಇದರಲ್ಲಿನ ನಗೆಯೂ ಸಂಕಟವೂ ಒಟ್ಟಿಗೇ ತಟ್ಟುತ್ತವೆ. ಹಾಗೆಯೇ ಬ್ಯಾಂಕಿನ ದೃಶ್ಯ: ತನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದೆ ಎಂದು ಮನೆಯವರಿಗೆ ಹೇಳಿದ ಮುನಾ, ರಗದಾ ಕಾರಿನಲ್ಲಿ ತಂದು ಬಿಟ್ಟಾಗ ಬ್ಯಾಂಕಿನ ಬಾಗಿಲಲ್ಲಿ ಒಳಗೆ ಹೋಗುತ್ತಾಳೆ, ಕಾರು ಮರೆಯಾದ ಮೇಲೆ ಪಕ್ಕದ ಬರ್ಗರ್ ಅಂಗಡಿಗೆ ನಡೆಯುತ್ತಾಳೆ. ಓದುಬರಹ ಬಲ್ಲ, ಸ್ವಂತ ದುಡಿಮೆಯ ಮೇಲೆ ನಿಂತಿದ್ದ ಹೆಂಗಸೊಬ್ಬಳು ತನ್ನ ಮರ್ಯಾದೆ ಕಾಯಲು ದಿನವೂ ಇಷ್ಟು ಸಣ್ಣ ನಾಟಕವಾಡಬೇಕಾದದ್ದನ್ನು ಕಂಡು ನಾವು ಮೊದಲು ನಗುತ್ತೇವೆ, ನಕ್ಕ ಮೇಲೆ ಕಸಿವಿಸಿಯಾಗುತ್ತದೆ. ನಿಮ್ಮ ಲೇಖನದಲ್ಲಿ ಈ ದೃಶ್ಯಕ್ಕೆ ಸಿಕ್ಕಿರುವುದು ಅರ್ಧ ವಾಕ್ಯ.

ನೀವು ಹಾಸ್ಯವನ್ನು ಬಿಟ್ಟದ್ದು ಏಕೆಂದು ನಾನು ಊಹಿಸಬಲ್ಲೆ. ಗದಗು, ಹುಬ್ಬಳ್ಳಿಯ ಕಂಪನಿ ನಾಟಕಗಳನ್ನು ನೋಡಿ ಬೆಳೆದ ನಮಗೆ ಹಾಸ್ಯವೆಂದರೆ ಬೇರೆ ಪಾತ್ರಗಳು, ಬೇರೆ ಪ್ರವೇಶ. ನಾಯಕಿಯ ಗೋಳು ಒಂದು ಅಂಕದಲ್ಲಿ, ಹಾಸ್ಯಗಾರರ ಜೋಡಿ ಇನ್ನೊಂದರಲ್ಲಿ. ಆ ಪರಂಪರೆಗೆ ಅದರದೇ ಆದ ಶಕ್ತಿ ಇದೆ, ನಾನು ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ದಾಬಿಸ್ ಇಲ್ಲಿ ಮಾಡಿರುವುದು ಬೇರೆ. ನಗಿಸುವವಳೂ ನೋಯುವವಳೂ ಮುನಾಳೇ, ಅದೂ ಒಂದೇ ಗಳಿಗೆಯಲ್ಲಿ. ಆ ಪಾತ್ರ ಮಾಡಿದ ನಿಸ್ರೀನ್ ಫೌರ್ ಅವರ ಮುಖದಲ್ಲಿ ಇದು ಹೇಗೆ ಕಾಣುತ್ತದೆ ಎಂದು ಬರೆಯಿರಿ. ಆಕೆಯ ಹೆಸರನ್ನೇ ನೀವು ಲೇಖನದಲ್ಲಿ ಎಲ್ಲಿಯೂ ಹೇಳಿಲ್ಲ, ಅದು ಸಣ್ಣ ಲೋಪವಲ್ಲ.

‘ಸ್ವತಂತ್ರ ಚಿತ್ರ’ ಎಂಬ ಮಾತನ್ನು ನೀವು ಮತ್ತೆ ಮತ್ತೆ ಬಳಸಿದ್ದೀರಿ, ಯಾವುದರಿಂದ ಸ್ವತಂತ್ರ ಎಂದು ಹೇಳಿಲ್ಲ. ದೊಡ್ಡ ಸ್ಟುಡಿಯೋದ ಹಣವಿಲ್ಲದೆ, ಅಮೆರಿಕ, ಕೆನಡಾ ಮತ್ತು ಕುವೈತ್‌ಗಳ ಸಹನಿರ್ಮಾಣದಲ್ಲಿ ತಯಾರಾದ ಚಿತ್ರವಿದು, ನಿರ್ದೇಶಕಿಗೆ ಮೊದಲ ಕಥಾಚಿತ್ರ. ‘ಷಿಕಾಗೋದ ಬೀದಿಗಳಲ್ಲಿ ಚಿತ್ರೀಕರಿಸಿದ’ ಎಂಬ ನಿಮ್ಮ ಮಾತು ತಪ್ಪು. ಇಲಿನಾಯ್ ಎಂದು ತೋರಿಸಿದ ಬಹುಪಾಲು ಜಾಗ ಕೆನಡಾದ ವಿನ್ನಿಪೆಗ್, ಪ್ಯಾಲೆಸ್ಟೈನ್ ಭಾಗ ಚಿತ್ರೀಕರಣವಾದದ್ದು ರಮಲ್ಲಾದಲ್ಲಿ. ಅಮೆರಿಕದ ಸನ್‌ಡಾನ್ಸ್ ಚಲನಚಿತ್ರೋತ್ಸವದಲ್ಲಿ 2009ರ ಜನವರಿಯಲ್ಲಿ ಮೊದಲು ಪ್ರದರ್ಶನಗೊಂಡು, ಅದೇ ವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಡೈರೆಕ್ಟರ್ಸ್ ಫೋರ್ಟ್‌ನೈಟ್ ವಿಭಾಗದಲ್ಲಿ ಫಿಪ್ರೆಸ್ಕಿ ಎಂಬ ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಪ್ರಶಸ್ತಿ ಪಡೆಯಿತು. ಪ್ರಶಸ್ತಿಗಿಂತ ಮುಖ್ಯವಾದ ಸಂಗತಿಯೊಂದು ನಿಮ್ಮ ಕೈತಪ್ಪಿದೆ. ದಾಬಿಸ್ ಬೆಳೆದದ್ದು ಅಮೆರಿಕದ ಓಹಾಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಅವರ ತಂದೆ ಅರಬ್ ಮೂಲದ ವೈದ್ಯರು, 1991ರ ಕೊಲ್ಲಿ ಯುದ್ಧದ ಹೊತ್ತಿಗೆ ರೋಗಿಗಳು ಅವರ ಬಳಿ ಬರುವುದನ್ನು ಬಿಟ್ಟರು. ಚಿತ್ರದ ಕಥೆ ನಡೆಯುವುದು 2003ರಲ್ಲಿ, ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿದ ಕಾಲದಲ್ಲಿ, ಮತ್ತು ರಗದಾಳ ಗಂಡ ನಬೀಲ್ ರೋಗಿಗಳನ್ನು ಕಳೆದುಕೊಳ್ಳುತ್ತಿರುವ ವೈದ್ಯ. ಇದನ್ನು ತಿಳಿದ ಮೇಲೆ ಆ ಮನೆಯ ಜಗಳಗಳು, ಟಿವಿಯ ಮುಂದಿನ ಮೌನ ಎಲ್ಲವೂ ಬೇರೆ ತೂಕ ಪಡೆಯುತ್ತವೆ. ಫಾದಿಯ ಶಾಲೆಯ ಮುಖ್ಯಸ್ಥ ನೊವಾಟ್ಸ್ಕಿಯವರನ್ನೂ ನೀವು ‘ದಯಾಳು ಅಮೆರಿಕನ್ನರು’ ಎಂದು ಬಿಟ್ಟುಬಿಟ್ಟಿದ್ದೀರಿ. ಅವರು ಯಹೂದಿ ಎಂಬುದನ್ನು ಹೇಳದೆ, ಕೊನೆಗೆ ಅವರು ಈ ಪ್ಯಾಲೆಸ್ಟೈನಿ ಕುಟುಂಬದೊಡನೆ ಊಟಕ್ಕೆ ಕೂಡುವ ದೃಶ್ಯದ ಬಗ್ಗೆ ಏನು ಬರೆದರೂ ಅರ್ಧವಾಗುತ್ತದೆ.

ಇನ್ನು ನಿಮ್ಮ ಕೊನೆಯ ಪುಟ. ಗದಗ ಜಿಲ್ಲೆಯ ಒಂದು ತಾಂಡಾದಿಂದ ಮಗನನ್ನು ಕಟ್ಟಿಕೊಂಡು ಗೋವಾಕ್ಕೆ ಗುಳೆ ಹೋದ, ಕಟ್ಟಡದ ಕೆಲಸ ಮಾಡುವ, ಊರಿಗೆ ಫೋನು ಮಾಡಿದಾಗ ಮಾತ್ರ ಬೇರೆ ಕೆಲಸದ ಹೆಸರು ಹೇಳುವ ಹೆಣ್ಣುಮಗಳೊಬ್ಬಳು ಅಲ್ಲಿ ಎರಡು ವಾಕ್ಯಗಳಲ್ಲಿ ಬಂದು ಹೋಗುತ್ತಾಳೆ. ಇಡೀ ಲೇಖನದಲ್ಲಿ ನೀವೇ ಕಂಡು, ನೀವೇ ಕೇಳಿ ಬರೆದದ್ದು ಇಷ್ಟೇ. ನನ್ನನ್ನು ಹಿಡಿದು ನಿಲ್ಲಿಸಿದ್ದೂ ಇಷ್ಟೇ. ಮುನಾಳ ಬ್ಯಾಂಕಿನ ಸುಳ್ಳಿಗೂ ಈ ಸುಳ್ಳಿಗೂ ಇರುವ ನಂಟನ್ನು ನೀವು ಗುರುತಿಸಿದ್ದೀರಿ, ಆದರೆ ಬಿಡಿಸಿ ಬರೆಯುವ ಬದಲು ‘ಜಗತ್ತಿನ ತಾಯಂದಿರೆಲ್ಲ ಒಂದೇ’ ಎಂದು ಮುಗಿಸಿದ್ದೀರಿ. ಅವರು ಒಂದೇ ಅಲ್ಲ. ಮುನಾಳ ಕೈಯಲ್ಲಿ ಕಾಯಂ ವಾಸದ ಪರವಾನಗಿ ಇದೆ, ಆದರೂ ಯುದ್ಧದ ಕಾಲದಲ್ಲಿ ಅವಳನ್ನು ಅನುಮಾನದಿಂದ ನೋಡುತ್ತಾರೆ. ಗುಳೆ ಹೋದವಳು ಲೋಂಡಾ, ಕ್ಯಾಸಲ್‌ರಾಕ್ ದಾಟಿ ವಾಸ್ಕೋ ರೈಲಿನಲ್ಲಿ ಹೋಗುವಾಗ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ, ಆದರೆ ಇಳಿದ ಮೇಲೆ ಸುತ್ತಲಿನ ಭಾಷೆ ಬೇರೆ, ಮಗನ ಶಾಲೆ ಅರ್ಧಕ್ಕೆ ನಿಂತಿರುತ್ತದೆ, ತಲೆಯ ಮೇಲಿನ ತಗಡು ಎಷ್ಟು ದಿನ ಉಳಿಯುತ್ತದೋ ಗೊತ್ತಿರುವುದಿಲ್ಲ. ಈ ವ್ಯತ್ಯಾಸಗಳನ್ನು ಇಟ್ಟುಕೊಂಡೇ ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ. ಆಕೆ ನಗುವುದು ಯಾವಾಗ, ಯಾವುದಕ್ಕೆ ಎಂದು ನಿಮಗೆ ಗೊತ್ತಿದ್ದರೆ ಅದನ್ನೂ ಬರೆಯಿರಿ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನೀವು ತಾಂಡಾದ ಹೆಸರು, ಆಕೆಯ ಹೆಸರು, ಮಗ ಓದುತ್ತಿದ್ದ ತರಗತಿ ಎಲ್ಲವನ್ನೂ ಕೊಟ್ಟಿದ್ದೀರಿ. ನಮ್ಮ ಪತ್ರಿಕೆ ಆ ಊರಿಗೂ ಹೋಗುತ್ತದೆ. ಆಕೆ ಊರಿನಿಂದ ಮುಚ್ಚಿಟ್ಟ ಸಂಗತಿಯನ್ನು ನಾವು ಅಚ್ಚು ಹಾಕಿ ಅದೇ ಊರಿಗೆ ಮುಟ್ಟಿಸಿದಂತಾಗುತ್ತದೆ. ಹಾಗಾಗಿ ಮೊದಲು ಆಕೆಯೊಡನೆ ಮಾತಾಡಿ, ಏನು ಬರೆಯುತ್ತಿದ್ದೀರಿ ಎಂದು ಓದಿ ಹೇಳಿ, ಒಪ್ಪಿದರೆ ಹೆಸರು, ಊರು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಬರೆಯಿರಿ. ಒಪ್ಪದಿದ್ದರೆ ಆ ಭಾಗ ಬೇಡ. ಮುನಾಳ ಬಗ್ಗೆ ಮಾತ್ರ ಬರೆದ ಲೇಖನವನ್ನೂ ನಾನು ಅಷ್ಟೇ ಆಸಕ್ತಿಯಿಂದ ಓದುತ್ತೇನೆ.

ಚಿತ್ರವನ್ನು ಇನ್ನೊಮ್ಮೆ ನೋಡಿ, ಎರಡು ಅಥವಾ ಮೂರು ದೃಶ್ಯಗಳನ್ನು ಮಾತ್ರ ಆರಿಸಿಕೊಂಡು, 1,500 ಪದಗಳ ಒಳಗೆ ಬರೆದು ಕಳಿಸಿ. ಭಾವಚಿತ್ರ ಬೇಡ. ಲಕೋಟೆಯ ಮೇಲೆ ‘ತಿದ್ದಿದ ಪ್ರತಿ’ ಎಂದು ಬರೆದರೆ ನೇರವಾಗಿ ನನ್ನ ಮೇಜಿಗೆ ಬರುತ್ತದೆ.

ಇಂತಿ,
ಸಂಪಾದಕ