ಮಾತ್ರೆ ತಪ್ಪಿಸಿಲ್ಲ, ತಿಂಡಿ ಮಾತ್ರ ಬಿಟ್ಟೆ

ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಲೇ ತೂಕ ಇಳಿಸಲು ಗಂಟೆಗಟ್ಟಲೆ ಉಪವಾಸ ಮಾಡುವವರ ಪ್ರಕರಣ ಮತ್ತೆ ಮತ್ತೆ ಎದುರಾಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಐವತ್ತು ದಾಟಿದ ಮಹಿಳೆ. ಹಲವು ವರ್ಷಗಳ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎಂಬ ಸಕ್ಕರೆ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರು. ಬೆಳಗಾದರೆ ಸಾಕು, ಸಣ್ಣ ಮಾತಿಗೂ ಸಿಟ್ಟು, ಆಮೇಲೆ ಅಳು. ಮನಸ್ಸಿನ ತೊಂದರೆ ಇರಬೇಕೆಂದು ಮನೆಯವರು ಕರೆತಂದಿದ್ದರು. ತೂಕ ಇಳಿಸಲು ದಿನಕ್ಕೆ 16 ಗಂಟೆ ಉಪವಾಸ ಮಾಡುತ್ತಿದ್ದುದನ್ನು ಮೊದಲ ಭೇಟಿಯಲ್ಲಿ ಯಾರೂ ಹೇಳಲಿಲ್ಲ.

ಎರಡನೆಯ ಭೇಟಿಗೆ ಸಕ್ಕರೆ ಬರೆದಿಡುವ ಪುಸ್ತಕ ತಂದರು. ಬೆಳಗ್ಗೆ 7ಕ್ಕೊಂದು, ರಾತ್ರಿಗೊಂದು ಅಂಕಿ. ನಡುವಿನ ಅಂಕಣ ಪೂರ್ತಿ ಖಾಲಿ. ಬೆಳಗಿನ ಅಂಕಿ 150ರ ಮೇಲೆಯೇ ಇತ್ತು. "ಉಪವಾಸ ಸಾಲ್ತಿಲ್ಲ ಅಂತ 18 ಗಂಟೆ ಮಾಡಿದೀನಿ," ಎಂದರು. ನಸುಕಿನಲ್ಲಿ ಯಕೃತ್ತು ತಾನೇ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ತಡರಾತ್ರಿಯ ಹೊಟ್ಟೆತುಂಬ ಊಟವೂ ಬೆಳಗಿನ ಅಂಕಿಯನ್ನು ಏರಿಸಬಲ್ಲದು. ಅದನ್ನು ನೋಡಿ ಉಪವಾಸ ಉದ್ದ ಮಾಡಿದ್ದೇ ಎಡವಟ್ಟು.

ಮಾತ್ರೆ ಎಷ್ಟೊತ್ತಿಗೆ ಎಂದು ಕೇಳಿದೆ. "ಒಂದು ದಿನಾನೂ ತಪ್ಪಿಸಿಲ್ಲ. ಎದ್ದ ಕೂಡಲೇ ನುಂಗ್ತೀನಿ. ತಿಂಡಿ ಮಾತ್ರ ಬಿಟ್ಟಿದೀನಿ."

ಅವರ ದೃಷ್ಟಿಯಲ್ಲಿ ಅದು ಶಿಸ್ತು. ಆದರೆ ಗ್ಲಿಮೆಪಿರೈಡ್ ಊಟಕ್ಕಾಗಿ ಕಾಯುವುದಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಆಗ ಗಂಟೆ ಹನ್ನೊಂದೂವರೆ. ಮಾತಿನ ನಡುವೆ ಅವರ ಮೇಲ್ದುಟಿಯ ಮೇಲೆ ಬೆವರು, ಪುಸ್ತಕ ಹಿಡಿದ ಬೆರಳುಗಳಲ್ಲಿ ನಡುಕ. "ಕೊಬ್ಬು ಕರಗೋವಾಗ ಹೀಗಾಗತ್ತೆ," ಎಂದರು. ಅವರದೇ ಮೀಟರಿನಲ್ಲಿ ನೋಡಿದರೆ 58. ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆವು. 15 ನಿಮಿಷದ ಬಳಿಕ 84. ಗಂಟು ಹಾಕಿಕೊಂಡಿದ್ದ ಹುಬ್ಬು ಸಡಿಲಾಗಿತ್ತು. ಅಷ್ಟು ದಿನದ ಸಿಟ್ಟಿಗೆ ಕಾರಣ ಮೀಟರಿನಲ್ಲೇ ಕಾಣಿಸಿತು.

ಕೊಟ್ಟ ಸಲಹೆ ಹೀಗಿತ್ತು. ಇಂದಿನಿಂದಲೇ ಉಪವಾಸ ನಿಲ್ಲಿಸಿ, ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಗ್ಲಿಮೆಪಿರೈಡ್ ದಿನದ ಮೊದಲ ಮುಖ್ಯ ಊಟದ ಜೊತೆಗಿನ ಮಾತ್ರೆ. ಊಟದ ಹೊತ್ತು ಸರಿದರೆ ಮಾತ್ರೆಯ ಹೊತ್ತು, ಪ್ರಮಾಣ ಎರಡನ್ನೂ ವೈದ್ಯರೇ ಮತ್ತೆ ನಿರ್ಧರಿಸಬೇಕು. ಅವರು ಒಪ್ಪಿದರೆ ಮೊದಲು 12 ಗಂಟೆ ಸಾಕು: ಸಂಜೆ 7ಕ್ಕೆ ಊಟ, ಬೆಳಗ್ಗೆ 7ಕ್ಕೆ ತಿಂಡಿ. ಬೆಳಗ್ಗೆ, ಉಪವಾಸದ ನಡುವೆ, ಬಿಡುವ ಮುನ್ನ, ಊಟವಾದ ಎರಡು ಗಂಟೆಯ ಬಳಿಕ ಸಕ್ಕರೆ ನೋಡಿ. ಬೆವರು, ನಡುಕ, ಕಾರಣವಿಲ್ಲದ ಸಿಟ್ಟು ಬಂದರೆ ಗಡಿಯಾರ ನೋಡಬೇಡಿ, ಮೀಟರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಉಪವಾಸ ಅಲ್ಲಿಗೇ ಮುಗಿಯಿತು. 15 ಗ್ರಾಂ ಸಕ್ಕರೆ, 15 ನಿಮಿಷಕ್ಕೆ ಮರುಪರೀಕ್ಷೆ, ಏರದಿದ್ದರೆ ಇನ್ನೊಮ್ಮೆ, ಏರಿದ ಮೇಲೆ ಊಟ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ ಎಂದು ಮನೆಯವರಿಗೂ ಹೇಳಿದೆ.

ಉಪವಾಸವೆಂದರೆ ನನಗೆ ಆಗದು ಎಂದು ಕೆಲವರು ಆಕ್ಷೇಪಿಸಿದ್ದಾರೆ. ಹಾಗಲ್ಲ. ತೂಕ ಇಳಿದರೆ ಸಕ್ಕರೆ, ಬಿಪಿ ಎರಡೂ ಸುಧಾರಿಸುತ್ತವೆ, ಕೆಲವರಿಗೆ ಗಂಟೆ ಲೆಕ್ಕದ ಉಪವಾಸದಿಂದ ತೂಕ ಇಳಿಯುವುದೂ ನಿಜ. ಆದರೆ ಆ ಲಾಭದ ಹೆಚ್ಚಿನ ಪಾಲು ಬರುವುದು ಒಟ್ಟು ಆಹಾರ ಕಡಿಮೆಯಾಗಿದ್ದರಿಂದ. ದಿನವಿಡೀ ಹಂಚಿ ಕಡಿಮೆ ತಿಂದರೂ ಫಲ ಹೆಚ್ಚುಕಡಿಮೆ ಅಷ್ಟೇ. ಹಾಗಿರುವಾಗ ಮಾತ್ರೆಯ ಜೊತೆ ಗುದ್ದಾಡಿ 18 ಗಂಟೆ ಹಸಿದಿರುವುದೇಕೆ?

ಎಲ್ಲ ಮಾತ್ರೆಗಳೂ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ಕುಸಿಯುವ ಭಯ ಕಡಿಮೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ (ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು) ತೆಗೆದುಕೊಳ್ಳುವವರ ಅಪಾಯವೇ ಬೇರೆ: ದೀರ್ಘ ಉಪವಾಸದಲ್ಲಿ ರಕ್ತದಲ್ಲಿ ಕೀಟೋನ್, ಅಂದರೆ ಕೊಬ್ಬು ಕರಗುವಾಗ ಹುಟ್ಟುವ ಆಮ್ಲ, ಏರಬಹುದು, ಅದೂ ಸಕ್ಕರೆ ಹೆಚ್ಚೇನೂ ಏರದಿದ್ದಾಗಲೇ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಮೀಟರಿನ ಅಂಕಿ ನಂಬಿ ಕೂರಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಿಪಿಗೆ ಬೀಟಾ ಬ್ಲಾಕರ್ (ಎದೆಬಡಿತ ನಿಧಾನಿಸುವ ಮಾತ್ರೆ) ತೆಗೆದುಕೊಳ್ಳುವವರಿಗೆ ನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು, ಆಗ ಬೆವರೇ ಮುಖ್ಯ ಸುಳಿವು. ಗರ್ಭಿಣಿಯರಿಗೆ, ಊಟದ ವಿಷಯದಲ್ಲಿ ಹಿಂದೆ ಮನೋರೋಗ ಇದ್ದವರಿಗೆ ನಾನು ಇಂಥ ಉಪವಾಸವನ್ನು ಹೇಳುವುದೇ ಇಲ್ಲ.

ಮುಂದಿನ ಭೇಟಿಯ ಹೊತ್ತಿಗೆ ವೈದ್ಯರು ಗ್ಲಿಮೆಪಿರೈಡ್ ಪ್ರಮಾಣ ಇಳಿಸಿದ್ದರು. ಪುಸ್ತಕದ ನಡುವಿನ ಅಂಕಣ ತುಂಬಿತ್ತು, 90ಕ್ಕಿಂತ ಕೆಳಗಿನ ಅಂಕಿ ಒಂದೂ ಇರಲಿಲ್ಲ. "14 ಗಂಟೆಗೆ ಯಾವಾಗ ಹೋಗಲಿ?" ಎಂದು ಕೇಳಿದರು. ಇನ್ನೂ ಎರಡು ವಾರ ಹೀಗೇ ಬರೆಯಿರಿ, ಆ ಪುಟಗಳನ್ನು ವೈದ್ಯರ ಮುಂದಿಟ್ಟು ಕೇಳಿ ಎಂದೆ.