ಓದುಗರ ಪ್ರಶ್ನೆ: ನರ ಸಿಗದ ಕೈ, ಹೆದರಿಸಿದ ರಿಪೋರ್ಟ್

(ವಿಜಯಪುರದಲ್ಲಿ 27 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು, ಈಗ ನಿವೃತ್ತರಾದ ಅಕ್ಕ ಒಬ್ಬರು ಉತ್ತರಿಸುತ್ತಾರೆ.)

ಅಕ್ಕಾರೇ, ನಮ್ಮ ಅವ್ವನಿಗೆ 68 ವರ್ಷ. ಬಿ.ಪಿ. ಗುಳಿಗೆ ನಡೆದಿದೆ. ಮನೆಗೆ ಬಂದ ಹುಡುಗನಿಗೆ ನರ ಸಿಗಲಿಲ್ಲ. ರಬ್ಬರ್ ಪಟ್ಟಿ ಬಿಗಿದು ನಾಲ್ಕೈದು ನಿಮಿಷ ಹುಡುಕಿದ. ‘ಮುಷ್ಟಿ ಬಿಗಿಯವ್ವಾ, ಬಿಡವ್ವಾ’ ಅಂತಿದ್ದ. ಎರಡು ಸಲ ಚುಚ್ಚಿದ. ಸಂಜೆ ಪೊಟ್ಯಾಸಿಯಂ 6.4 ಅಂತ ರಿಪೋರ್ಟ್ ಬಂತು. ಡಾಕ್ಟರು ಅವಸರದಲ್ಲಿ ಕರೆಸಿ ಇಸಿಜಿ ಮಾಡಿಸಿದರು, ಮತ್ತೆ ರಕ್ತ ತೆಗೆಸಿದರು. ಇಸಿಜಿ ಸರಿ ಇತ್ತು, ಪೊಟ್ಯಾಸಿಯಂ 4.3. ಮಷೀನ್ ಕೆಟ್ಟಿತ್ತಾ? — ಮುಧೋಳದ ಓದುಗರು

ಮಷೀನ್ ಕೆಟ್ಟಿರಲಿಕ್ಕಿಲ್ಲ ತಮ್ಮಾ. ಉತ್ತರ ನಿಮ್ಮ ಪತ್ರದಲ್ಲೇ ಇದೆ.

ನಮ್ಮ ತಿಕೋಟಾ ಕಡೆಯ ದ್ರಾಕ್ಷಿ ನೋಡಿರುತ್ತೀರಿ. ಪೆಟ್ಟಿಗೆಯನ್ನು ಎತ್ತಿ ಒಗೆದರೆ ಹಣ್ಣು ಒಡೆದು ತಳದಲ್ಲಿ ರಸ ನಿಲ್ಲುತ್ತದೆ. ರಕ್ತದ ಕೆಂಪು ಕಣವೂ ಹಾಗೇ. ಅದರ ಒಳಗೆ ಹೊರಗಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಪೊಟ್ಯಾಸಿಯಂ ಇರುತ್ತದೆ. ಸೂಜಿ ನರದೊಳಗೆ ಸರಿಯಾಗಿ ಕೂರದೆ ಸಿರಿಂಜನ್ನು ಜೋರಾಗಿ ಎಳೆದರೆ ಕಣ ಒಡೆಯುತ್ತದೆ. ಸ್ಪಿರಿಟ್ ಒಣಗುವ ಮೊದಲೇ ಚುಚ್ಚಿದರೂ, ಟ್ಯೂಬನ್ನು ಮೆಲ್ಲಗೆ ತಿರುಗಿಸದೆ ಗಲಗಲ ಅಲ್ಲಾಡಿಸಿದರೂ ಅದೇ ಕಥೆ. ಸ್ಯಾಂಪಲನ್ನು ಮಷೀನಿನಲ್ಲಿ ಗಿರಗಿರ ತಿರುಗಿಸಿದಾಗ ಮೇಲೆ ನಿಲ್ಲುವ ತಿಳಿ, ಅಂದರೆ ಸೀರಂ, ಕುಸುಬೆ ಎಣ್ಣೆಯ ಬಣ್ಣ ಇರಬೇಕು. ಕಣ ಒಡೆದಿದ್ದರೆ ಅದು ಕೋಕಂ ಶರಬತ್ತಿನ ಹಾಗೆ ಕೆಂಪಗೆ ಕಾಣುತ್ತದೆ. ಕಂಡರೆ ಒಳ್ಳೆ ಲ್ಯಾಬಿನವರು ‘ಮತ್ತೆ ಸ್ಯಾಂಪಲ್ ಕೊಡಿ’ ಅನ್ನುತ್ತಾರೆ. ಆಗ ಅವರ ಮೇಲೆ ಸಿಟ್ಟಾಗಬೇಡಿ, ಅವರು ನಿಮಗೆ ಉಪಕಾರವನ್ನೇ ಮಾಡುತ್ತಿದ್ದಾರೆ.

ಆದರೆ ನನ್ನ ಅನುಮಾನ ಆ ಮುಷ್ಟಿಯ ಮೇಲೇ ಜಾಸ್ತಿ. ಪಟ್ಟಿ ಕಟ್ಟಿದ ಕೈಯನ್ನು ಬಿಗಿದು ಬಿಟ್ಟು ಮಾಡಿದರೆ ಕೈಯ ಸ್ನಾಯುಗಳಿಂದಲೇ ಪೊಟ್ಯಾಸಿಯಂ ರಕ್ತಕ್ಕೆ ಇಳಿಯುತ್ತದೆ. ಬರೀ ಇದರಿಂದಲೇ ಒಂದು ಅಂಕಿ ಮೇಲೇರಬಹುದು, ಕೆಲವರಲ್ಲಿ ಇನ್ನೂ ಜಾಸ್ತಿ. ಇಲ್ಲಿ ಕಣ ಒಡೆದಿರುವುದಿಲ್ಲ, ಸೀರಂ ಕೆಂಪಾಗುವುದಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಕೂತವನಿಗೆ ಏನೂ ಗೊತ್ತಾಗುವುದಿಲ್ಲ. ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಇರಬಾರದು. ನರ ಸಿಗದಿದ್ದರೆ ಬಿಚ್ಚಿ, ಎರಡು ನಿಮಿಷ ಬಿಟ್ಟು, ಮತ್ತೆ ಕಟ್ಟಬೇಕು. ಮುಷ್ಟಿ ಸುಮ್ನೆ ಮೆಲ್ಲಗೆ ಮುಚ್ಚಿದರೆ ಸಾಕು. ವಯಸ್ಸಾದವರಿಗೆ ಮೊದಲು ಎರಡು ಲೋಟ ನೀರು ಕುಡಿಸಿ (ನೀರು ಕಡಿಮೆ ಕುಡಿಯಿರಿ ಅಂತ ಡಾಕ್ಟರು ಹೇಳಿದ್ದರೆ ಬೇಡ). ಕೈಯನ್ನು ಕೆಳಗೆ ಇಳಿಬಿಡಿಸಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮೈ ಒಣಗಿದರೆ ಇದ್ದ ನರವೂ ಅಡಗಿ ಕೂರುತ್ತದೆ.

ನಾನೂ ಏನು ಕಮ್ಮಿ ತಪ್ಪು ಮಾಡಿಲ್ಲ. ಕೆಲಸಕ್ಕೆ ಸೇರಿದ ಹೊಸತು. ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಕಮ್ಮಿ ಬಿತ್ತು. ನೇರಳೆ ಮುಚ್ಚಳದ್ದು ತುಂಬಿತ್ತಲ್ಲ, ಅದರಿಂದ ಸ್ವಲ್ಪ ಸುರಿದುಬಿಟ್ಟೆ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಅನ್ನುವ ಔಷಧ ಇರುತ್ತದೆ. ಅದು ಪೊಟ್ಯಾಸಿಯಂ ಜೊತೆ ಸೇರಿದ್ದು, ಮೇಲಾಗಿ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ. ನಮ್ಮ ಹಿರಿಯರು ಕಾಗದ ನೋಡಿ, ‘ಈ ಮನುಷ್ಯ ಜೀವಂತ ಅದಾನೇನು ನೋಡಿ ಬಾ’ ಅಂದರು. ಓಡಿ ಹೋಗಿ ನೋಡಿದರೆ ಆತ ಹೊರಗಿನ ಬೆಂಚಿನ ಮೇಲೆ ಕೂತು ಗಿರ್ಮಿಟ್ ತಿನ್ನುತ್ತಿದ್ದ.

ಹಾಗಂತ 6.4 ಬಂದಾಗಲೆಲ್ಲ ‘ಸೂಜಿಯ ತಪ್ಪು’ ಅಂತ ಮನೆಯಲ್ಲಿ ಕೂರಬೇಡಿ. ಪೊಟ್ಯಾಸಿಯಂ ನಿಜವಾಗಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಕೆಲವು ಬಿ.ಪಿ. ಗುಳಿಗೆಗಳೂ ಅದನ್ನು ಏರಿಸುತ್ತವೆ. ನಿಮ್ಮ ಡಾಕ್ಟರು ತಡಮಾಡದೆ ಮಾಡಿಸಿದ್ದು ಸರಿಯೇ.

ನಮ್ಮ ಯಜಮಾನರ ಸಕ್ಕರೆ ಬೆಳಿಗ್ಗೆ ಮನೆಯ ಮೀಟರಿನಲ್ಲಿ 130 ಇತ್ತು. ಅದೇ ಹೊತ್ತಿಗೆ ಊರಲ್ಲಿ ತೆಗೆದ ರಕ್ತ ಮಧ್ಯಾಹ್ನ ಲ್ಯಾಬ್ ಮುಟ್ಟಿ, 96 ಅಂತ ಬಂತು. ಅವರಿಗೆ ಖುಷಿಯೋ ಖುಷಿ. ಯಾವುದನ್ನು ನಂಬಲಿ? — ಇಂಡಿ ತಾಲ್ಲೂಕಿನ ಓದುಗರು

ಯಜಮಾನರಿಗೆ ಇನ್ನೆರಡು ದಿನ ಪೇಢೆ ಕೊಡಬೇಡಿ ತಂಗಿ. ಮನೆಯ ಮೀಟರಿಗೂ ಲ್ಯಾಬಿಗೂ ಒಂದಿಷ್ಟು ಫರಕು ಇದ್ದೇ ಇರುತ್ತದೆ, ಆದರೆ ಇಷ್ಟು ದೊಡ್ಡದಲ್ಲ. ಟ್ಯೂಬಿಗೆ ಬಂದ ಮೇಲೂ ರಕ್ತದ ಕಣಗಳು ಬದುಕಿರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಹಾಗೇ ಬಿಟ್ಟರೆ ಗಂಟೆಗೆ ನೂರಕ್ಕೆ ಐದರಿಂದ ಏಳು ಪಾಲು ಕಡಿಮೆಯಾಗುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. ಐದು ಗಂಟೆ ಬಸ್ಸಿನ ಸೀಟಿನ ಕೆಳಗೆ ಕೂತು ಬಂದ ಸ್ಯಾಂಪಲ್ ಅಂದರೆ ನೀವೇ ಲೆಕ್ಕ ಹಾಕಿ. ಇದನ್ನು ತಡೆಯಲಿಕ್ಕೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇರುವುದು. ಯಾವ ಬಣ್ಣದ ಮುಚ್ಚಳಕ್ಕೆ ಹಾಕಿದರು ಅಂತ ಕೇಳಿ. ಆಮೇಲೆ ಒಂದು ದಿನ ಲ್ಯಾಬಿಗೇ ಹೋಗಿ ಕೊಟ್ಟು ಬನ್ನಿ. ಕನಿಷ್ಠ 8 ಗಂಟೆ ಖಾಲಿ ಹೊಟ್ಟೆ. ನೀರು ನಡೆಯುತ್ತದೆ. ‘ಅರ್ಧ ಕಪ್ ಚಹಾ ಅಷ್ಟೇ’ ಅನ್ನುವುದು ನಡೆಯುವುದಿಲ್ಲ.

ರಕ್ತ ಕೊಟ್ಟ ಜಾಗ ನೀಲಿಗಟ್ಟಿದೆ. ನಂಜಾಯಿತಾ? — ಗೋಕಾಕದ ಓದುಗರು

ಹತ್ತಿ ಇಟ್ಟು ಮೊಣಕೈ ಮಡಚಿಕೊಂಡಿದ್ದಿರಿ, ಅಲ್ವಾ? ಎಲ್ಲರೂ ಹಾಗೇ ಮಾಡುತ್ತಾರೆ. ಕೈ ನೆಟ್ಟಗೆ ಚಾಚಿ, ಬೆರಳಿನಿಂದ ಎರಡು-ಮೂರು ನಿಮಿಷ ಒತ್ತಿ ಹಿಡಿಯಬೇಕು. ರಕ್ತ ತೆಳುವಾಗುವ ಗುಳಿಗೆ ತಗೊಳ್ಳುವವರು ಐದು ನಿಮಿಷಕ್ಕೂ ಮೇಲೆ. ನೀಲಿ ಹಸಿರಾಗಿ, ಹಳದಿಯಾಗಿ ತಾನೇ ಹೋಗುತ್ತದೆ. ಊತ ಏರುತ್ತಿದ್ದರೆ, ಕೈ ಜೋಮು ಹಿಡಿದರೆ, ಬಿಸಿಯಾಗಿ ಕೀವು ಕಂಡರೆ ತೋರಿಸಿ.

ಮೂರು ಮೂರು ಟ್ಯೂಬ್ ರಕ್ತ ಹೀರಿದರು. ಅಷ್ಟು ರಕ್ತ ಮತ್ತೆ ಬರಬೇಕಂದರೆ ಏನು ತಿನ್ನಬೇಕು? — ಅಥಣಿಯ ಓದುಗರು

ಮೂರೂ ಸೇರಿ ಹತ್ತು ಮಿಲಿಲೀಟರ್ ಆಸುಪಾಸು, ಅಂದರೆ ಎರಡು ಚಹಾ ಚಮಚ. ಮೈಯಲ್ಲಿ ಇರುವುದು ಸುಮಾರು ಐದು ಲೀಟರ್. ಮನೆಗೆ ಹೋಗಿ ಎಂದಿನ ಹಾಗೆ ರೊಟ್ಟಿ, ಪಲ್ಯ ತಿನ್ನಿ.