ಮಳೆಯಿಲ್ಲದ ದಿನಗಳಲ್ಲಿ ಗಣೇಶಗುಡಿಯ ಬಳಿ ಕಾಳಿ ನದಿಗೆ ಇಳಿಯುವುದು ಅಪಾಯವೇ?

ಹೌದು. ಮಳೆಗಾಲದ ಕೆಂಪು ನೀರಿಗೆ ಎಲ್ಲರೂ ಹೆದರುತ್ತಾರೆ; ಬೇಸಿಗೆಯ ತಿಳಿನೀರೇ ಜನರನ್ನು ಮೋಸಗೊಳಿಸುತ್ತದೆ ಎಂದು ನನಗನ್ನಿಸುತ್ತದೆ. ಮೇಲ್ಭಾಗದಲ್ಲಿ ಸುಮಾರು 100 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಬುಡದಲ್ಲೇ ತಲಾ 50 ಮೆಗಾವ್ಯಾಟಿನ 2 ಘಟಕಗಳ ವಿದ್ಯುದಾಗಾರ ಇವೆ. ಜಲವಿದ್ಯುತ್ ಘಟಕಗಳನ್ನು ಬೇಡಿಕೆ ಏರಿದೊಡನೆ ಕೆಲವೇ ನಿಮಿಷಗಳಲ್ಲಿ ಚಾಲೂ ಮಾಡಬಹುದಾದ್ದರಿಂದ, ಆಕಾಶ ಶುಭ್ರವಾಗಿದ್ದು ಅಣೆಕಟ್ಟಿನ ಒಂದು ಗೇಟೂ ತೆರೆಯದಿದ್ದಾಗಲೂ, ಟರ್ಬೈನು ದಾಟಿ ಬರುವ ನೀರೊಂದೇ ಕೆಳಗಿನ ಹರಿವನ್ನು ಹಠಾತ್ತನೆ ಏರಿಸಬಲ್ಲದು. (ಅಲ್ಲಿನ ರಾಫ್ಟಿಂಗ್ ನಡೆಯುವುದೂ ಇದೇ ನೀರಿನ ಬಲದಿಂದ.)

ನದಿಯ ನಡುವಿನ ಬಂಡೆಯ ಮೇಲೆ ಕುಳಿತವರಿಗೆ ಅಪಾಯ ಹೆಚ್ಚು, ಏಕೆಂದರೆ ಬಂಡೆ ಮುಳುಗುವ ಮೊದಲೇ ದಡದತ್ತ ಹಿಂದಿರುಗುವ ತಗ್ಗು ತುಂಬಿಕೊಳ್ಳುತ್ತದೆ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ಬಿಟ್ಟ ನೀರಿಗೆ ಹೈದರಾಬಾದಿನ 24 ವಿದ್ಯಾರ್ಥಿಗಳು ಬಲಿಯಾದದ್ದು ಫೋಟೋ ತೆಗೆಯಲೆಂದು ಹೀಗೆ ನದಿಗೆ ಇಳಿದಿದ್ದಾಗಲೇ.

ಇಳಿಯುವ ಮೊದಲು ದಡದ ಕಲ್ಲುಗಳನ್ನು ನೋಡಿ: ನೀರಿನ ಮಟ್ಟಕ್ಕಿಂತ ಮೇಲೆ ಒದ್ದೆಯ ಪಟ್ಟಿಯಿದ್ದರೆ ನೀರು ಈಗಷ್ಟೇ ಇಳಿದಿದೆ, ಮತ್ತೆ ಅಲ್ಲಿಗೇ ಏರಬಹುದು ಎಂದರ್ಥ. ಸೈರನ್ ಕೇಳಿದರೆ ಚಪ್ಪಲಿ, ಬ್ಯಾಗು ಅಲ್ಲೇ ಬಿಟ್ಟು ಮೇಲೆ ಹತ್ತಿ. ಆದರೆ ನೀರಿನ ಮೊರೆತದಲ್ಲಿ ಅದು ಕೇಳಿಸದೆಯೂ ಇರಬಹುದಾದ್ದರಿಂದ ಅದನ್ನೊಂದೇ ನೆಚ್ಚಬೇಡಿ. ವಿದ್ಯುದಾಗಾರದ ನೀರು ಹೊರಬೀಳುವ ಕಾಲುವೆಯ ಹತ್ತಿರವಂತೂ ಎಷ್ಟೇ ಈಜು ಬಲ್ಲವರೂ ಸುಳಿಯಬಾರದು.